ಥೂಜಾ ಗಿಡವನ್ನು ಕಂದು ಕಡ್ಡಿಯವರೆಗೆ ಕತ್ತರಿಸಬೇಡಿ, ಮತ್ತೆ ಚಿಗುರಲ್ಲ

ಮನೆ ಮುಂದೆ ಥೂಜಾ ಬೆಳೆಸಿದವರು ದಯವಿಟ್ಟು ಇದನ್ನು ಓದಿ. ಅದೇ, ಚಿಕ್ಕಂದಿನಲ್ಲಿ ವಿದ್ಯೆ ಬರುತ್ತೆ ಅಂತ ಪುಸ್ತಕದೊಳಗೆ ಎಲೆ ಇಟ್ಟುಕೊಳ್ಳುತ್ತಿದ್ದೆವಲ್ಲ, ಆ ಗಿಡ.

ಮೈಸೂರಿನ ನಮ್ಮ ಮನೆ ಗೇಟಿನ ಎರಡೂ ಕಡೆ ಅಮ್ಮ ಒಂದೊಂದು ನೆಟ್ಟಿದ್ದರು. ತಂದಾಗ ಕಪ್ಪು ಕವರಿನಲ್ಲಿದ್ದ ಒಂದಡಿ ಸಸಿಗಳು. ಹನ್ನೊಂದು ವರ್ಷದಲ್ಲಿ ಎರಡೂ ನನ್ನ ತಲೆ ಮೀರಿ ಬೆಳೆದವು. ಬಲಗಡೆಯದು ಮೈತುಂಬಿಕೊಂಡು ಗೇಟಿಗೆ ಅಡ್ಡ ಬಂತು. ಸ್ಕೂಟರ್ ಒಳಗೆ ತರುವಾಗಲೆಲ್ಲ ಹ್ಯಾಂಡಲ್ ತಗುಲುತ್ತಿತ್ತು.

ಎರಡು ವರ್ಷದ ಹಿಂದೆ, ಏಪ್ರಿಲ್ ಬಿಸಿಲಿನಲ್ಲಿ, ಮಾಲಿಯೊಬ್ಬರನ್ನು ಕರೆದೆ. ‘ಗೇಟಿನ ಕಡೆ ಚೆನ್ನಾಗಿ ಒಳಗೆ ತಗೊಂಡುಬಿಡಿ, ಮಳೆ ಬಂದರೆ ಚಿಗುರುತ್ತಲ್ವಾ?’ ಎಂದು ಕೇಳಿದೆ. ‘ಚಿಗುರದೆ ಎಲ್ಲಿ ಹೋಗುತ್ತೆ ಸಾರ್’ ಅಂದರು. ಅವರು ಒಂದೂವರೆ ಅಡಿ ಒಳಗೆ ಕತ್ತರಿಸಿದರು. ಹೊರಗೆ ಒಂದು ಗೇಣು ಹಸಿರು, ಅದರ ಹಿಂದೆ ಬರೀ ಕಂದು ಕಡ್ಡಿ. ಅಷ್ಟು ದಟ್ಟವಾದ ಗಿಡದ ಒಳಗೆ ಒಂದೂ ಎಲೆ ಇರಲಿಲ್ಲ. ಸಂಜೆ ಅಮ್ಮ ಬಂದು ನೋಡಿ ಏನೂ ಮಾತಾಡದೆ ಒಳಗೆ ಹೋದರು.

ಜೂನ್ ಮಳೆ ಬಂತು. ದಿನಾ ಬೆಳಿಗ್ಗೆ ಹೋಗಿ ಕಡ್ಡಿಗಳನ್ನು ನೋಡುತ್ತಿದ್ದೆ. ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಹಸಿರು, ಒದ್ದೆ. ಜೀವ ಇದೆ, ಇವತ್ತಲ್ಲ ನಾಳೆ ಬರುತ್ತೆ ಅಂದುಕೊಂಡೆ. ಕಡ್ಡಿಗೆ ಜೀವ ಇತ್ತು, ಚಿಗುರು ಮಾತ್ರ ಬರಲಿಲ್ಲ. ಒಂದು ವರ್ಷ ಕಾದೆ.

ನಮ್ಮ ರೂಢಿಯೇ ನಮಗೆ ಮೋಸ ಮಾಡುತ್ತೆ. ನುಗ್ಗೆ ಕಡಿದಷ್ಟೂ ಚಿಗುರುತ್ತೆ. ದಾಸವಾಳ, ನಂದಿಬಟ್ಟಲು ಮೊಣಕಾಲುದ್ದ ಬಿಟ್ಟು ಕತ್ತರಿಸಿದರೂ ಮತ್ತೆ ತುಂಬಿಕೊಳ್ಳುತ್ತವೆ. ಅವುಗಳ ಹಳೆ ಕಟ್ಟಿಗೆಯಲ್ಲಿ ಮಲಗಿರುವ ಮೊಗ್ಗುಗಳಿರುತ್ತವೆ. ಥೂಜಾ, ಸೈಪ್ರೆಸ್, ಜೂನಿಪರ್ ಜಾತಿಯ ಗಿಡಗಳಿಗೆ ಎಲೆ ಉದುರಿದ ಹಳೆ ಕಡ್ಡಿಯಲ್ಲಿ ಹಾಗೆ ಎದ್ದು ಬರುವ ಮೊಗ್ಗು ಇಲ್ಲವೆಂದೇ ಹೇಳಬಹುದು. ಹಸಿರು ಇರುವ ಕಡೆಯಿಂದ ಮಾತ್ರ ಮುಂದಕ್ಕೆ ಬೆಳೆಯುತ್ತವೆ. ಒಳಗೆ ಬೆಳಕು ಬೀಳದೆ ಎಲೆ ಉದುರುವುದು ರೋಗವಲ್ಲ, ಅದು ಸಹಜ. ಆದರೆ ಆ ಜಾಗಕ್ಕೆ ಕತ್ತರಿ ಹೋದರೆ ಮುಗಿಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಉಳಿದರ್ಧವಾದರೂ ಚೆನ್ನಾಗಿರುತ್ತಿತ್ತು. ಚಿಗುರಲಿ ಅಂತ ಬುಡಕ್ಕೆ ಯೂರಿಯಾ ಹಾಕಿ, ಮಳೆ ಇಲ್ಲದ ದಿನವೆಲ್ಲ ಎರಡು ಬಕೆಟ್ ನೀರು ಸುರಿದೆ. ಬುಡದಲ್ಲಿ ನೀರು ನಿಲ್ಲುವುದು ಈ ಗಿಡಕ್ಕೆ ಆಗುವುದೇ ಇಲ್ಲ, ಬೇರು ಕೊಳೆಯುತ್ತೆ. ಅದೇ ಗಿಡದ ಕತ್ತರಿ ಬೀಳದ, ಚೆನ್ನಾಗಿದ್ದ ಇನ್ನೊಂದು ಮಗ್ಗುಲೂ ತುದಿಯಿಂದ ಹಳದಿಯಾಗಿ ಕಂದಾಯಿತು. ಕೊನೆಗೆ ಕಿತ್ತಾಗ ಬೇರಿನ ಸಿಪ್ಪೆ ಕೈಗೇ ಬಂತು, ಕೆಟ್ಟ ವಾಸನೆ.

ಮಾಲಿ ಬಂದಾಗ ನೀವೇ ಹತ್ತಿರ ನಿಂತುಕೊಳ್ಳಿ. ಮೊದಲು ಕೈಯಿಂದ ಹಸಿರನ್ನು ಸರಿಸಿ ಕಂದು ಎಲ್ಲಿಂದ ಶುರುವಾಗುತ್ತೆ ಅಂತ ತೋರಿಸಿ, ಅದಕ್ಕಿಂತ ಮೊದಲೇ ಕತ್ತರಿ ನಿಲ್ಲಬೇಕು ಅಂತ ಹೇಳಿ. ಗಿಡ ಚಿಕ್ಕದಿರುವಾಗಿನಿಂದಲೇ ವರ್ಷಕ್ಕೊಂದೆರಡು ಸಲ ತುದಿ ಮಾತ್ರ ಸವರುತ್ತಾ ಬಂದರೆ ಅಡ್ಡ ಬರುವ ಪ್ರಶ್ನೆಯೇ ಇರಲ್ಲ. ಬೇಸಿಗೆಯಲ್ಲಿ ಬೇಡ, ಮಳೆ ಹಿಡಿದ ಮೇಲೆ ಮಾಡಿ. ಬುಡ ಅಗಲ, ತುದಿ ಕಿರಿದು ಇರಲಿ, ಕೆಳಗಿನ ಎಲೆಗೂ ಬೆಳಕು ಸಿಗುತ್ತೆ. ಹೊಸದಾಗಿ ನೆಡುವವರು ಗೇಟಿನಿಂದ ನಾಲ್ಕಡಿಯಾದರೂ ದೂರ ಬಿಡಿ. ಕವರಿನಲ್ಲಿರುವಾಗ ಅಷ್ಟು ಜಾಗ ಯಾಕೆ ಅನ್ನಿಸುತ್ತೆ, ನಮಗೂ ಹಾಗೇ ಅನ್ನಿಸಿತ್ತು.

ಈಗಾಗಲೇ ಬೋಳಾಗಿದ್ದರೆ ಗೊಬ್ಬರ, ನೀರು ಅಂತ ಹಿಂಸೆ ಕೊಡಬೇಡಿ. ಪಕ್ಕದ ಹಸಿರು ರೆಂಬೆಯನ್ನು ಮೆತ್ತಗೆ ದಾರದಲ್ಲಿ ಕಟ್ಟಿ ಆ ಕಡೆಗೆ ಎಳೆದುಕೊಂಡರೆ ಸ್ವಲ್ಪ ಮುಚ್ಚುತ್ತೆ. ನನಗೆ ಇದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ಎಡಗಡೆಯ ಗಿಡ ಚೆನ್ನಾಗಿದೆ. ಅದಕ್ಕೆ ಈಗ ಅಮ್ಮ ಬಿಟ್ಟರೆ ಬೇರೆ ಯಾರೂ ಕತ್ತರಿ ಹಾಕುವಂತಿಲ್ಲ. ಬಲಗಡೆ ನಂದಿಬಟ್ಟಲು ನೆಟ್ಟಿದ್ದೇವೆ.