ಸೇಬಿನ ತೋಟಕ್ಕೆ ನುಸಿ ಔಷಧಿಯ ‘ಫ್ರೀ ಟ್ರಯಲ್’: ಒಪ್ಪುವ ಮುಂಚೆ ಓದಿ

ಶಿಮ್ಲಾ ಜಿಲ್ಲೆಯ ಕೋಟ್‌ಖಾಯಿ ಕಡೆ ನಮ್ಮ ಯಜಮಾನರ ಮನೆಯವರ ಸೇಬಿನ ತೋಟವಿದೆ. ಜೂನ್‌ನಲ್ಲಿ ಮಳೆಯಿಲ್ಲದೆ ಬಿಸಿಲೇರಿದರೆ ಅಲ್ಲಿ ಕೆಂಪು ನುಸಿ (ಎಲೆಯ ರಸ ಹೀರುವ ಅತಿ ಚಿಕ್ಕ ಜೀವಿ) ಶುರು. ಹೋದ ವರ್ಷ ಸರಿಯಾಗಿ ಅದೇ ಹೊತ್ತಿಗೆ ಒಂದು ಕಂಪನಿಯ ಏಜೆಂಟ್ ಬಂದ. ‘ಮಾತಾಜಿ, ಟ್ರಯಲ್ ಅಷ್ಟೇ, ಒಂದು ಪೈಸೆ ಬೇಡ’ ಅಂತ ಅತ್ತೆಯನ್ನು ಒಪ್ಪಿಸಿದ.

200 ಲೀಟರ್ ಡ್ರಮ್ಮಿಗೆ ನುಸಿ ಔಷಧಿ ಹಾಕಿದ. ‘ಹುಳಾನೂ ಹೋಗಲಿ’ ಅಂತ ಇನ್ನೊಂದು ಬಾಟಲಿಯನ್ನೂ ಸುರಿದ. ಒಂದು ಮರ ಬಿಡದೆ ಹೊಡೆಸಿದ. ಎರಡು ದಿನ ಬಿಟ್ಟು ಬಂದವನೇ ಎಲೆ ಮಗುಚಿ ಸತ್ತ ನುಸಿ ತೋರಿಸಿದ, ಫೋಟೊ ತೆಗೆದ, ಆರ್ಡರ್ ಬರೆಸಿಕೊಂಡ.

ಜುಲೈ ಮುಗಿಯುವಷ್ಟರಲ್ಲಿ ನುಸಿ ಮೊದಲಿಗಿಂತ ಜಾಸ್ತಿ! ಎಲೆಯೆಲ್ಲ ಕಂಚಿನ ಬಣ್ಣ. ಕಾಯಿ ದಪ್ಪವಾಗಲಿಲ್ಲ, ಬಣ್ಣವೂ ಕೂರಲಿಲ್ಲ. ಫೋನ್ ಮಾಡಿದರೆ ‘ಈ ಸಲ ಹವಾಮಾನ ಸರಿಯಿಲ್ಲ’ ಅಂದ.

ಎರಡನೇ ಬಾಟಲಿ ಸೈಪರ್‌ಮೆಥ್ರಿನ್ ಅನ್ನೋ ಕೀಟನಾಶಕ. ನುಸಿಯನ್ನೇ ತಿಂದು ಬದುಕುವ ಒಳ್ಳೆಯ ನುಸಿಗಳಿವೆ, ಪುಟ್ಟ ಕಪ್ಪು ಗುಲಗಂಜಿ ಹುಳಗಳಿವೆ. ಈ ಔಷಧಿ ಅವನ್ನು ಬೇಗ ಕೊಲ್ಲುತ್ತದೆ. ಆಮೇಲೆ ಉಳಿದ ಮೊಟ್ಟೆ ಒಡೆದು ಬರುವ ಕೆಂಪು ನುಸಿಗೆ ಕೇಳುವವರೇ ಇರುವುದಿಲ್ಲ. ಆದರೆ ನಮ್ಮಲ್ಲಿ ಕೆಟ್ಟಿದ್ದು ಔಷಧಿಯಿಂದಲೋ ಬಿಸಿಲಿನಿಂದಲೋ? ಔಷಧಿ ಹೊಡೆಯದ ಮರ ಒಂದಾದರೂ ಇದ್ದಿದ್ದರೆ ಪಕ್ಕದಲ್ಲಿಟ್ಟು ತೋರಿಸಬಹುದಿತ್ತು. ಅವನ ಮಾತಿಗೆ ಎದುರು ಹೇಳಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಇದಕ್ಕೆ ಟ್ರಯಲ್ ಅಂತಾರಾ?

ಯಾರಾದರೂ ಹೀಗೆ ಬಂದರೆ ನಾಲ್ಕಾರು ಮರ ಖಾಲಿ ಬಿಡಿಸಿ, ರಿಬ್ಬನ್ ಕಟ್ಟಿ. ಒಂದು ಸಲಕ್ಕೆ ಒಂದೇ ಔಷಧಿ. ಲೇಬಲ್‌ನಲ್ಲಿ ಸೇಬು, ನುಸಿ ಎರಡರ ಹೆಸರೂ ಇರಬೇಕು. ಹೊಡೆಯುವ ಮುಂಚೆ ಎಲೆಯ ಅಡಿಭಾಗವನ್ನು ಹತ್ತು ಪಟ್ಟು ಲೆನ್ಸ್‌ನಲ್ಲಿ ನೋಡಿ ಎಣಿಸಿ. ವಾರಕ್ಕೊಮ್ಮೆ ಹಾಗೇ ಎಣಿಸುತ್ತಾ ಹೋಗಿ, ಮೂರ್ನಾಲ್ಕು ವಾರವಾದರೂ ನಿಲ್ಲಿಸಬೇಡಿ. ಬೆಳ್ಳಗೆ ಹೊಳೆಯುತ್ತಾ ಸರಸರ ಓಡುವುದು ಸಾಮಾನ್ಯವಾಗಿ ಆ ಒಳ್ಳೆಯ ನುಸಿ. ಹೆಕ್ಸಿಥಿಯಾಜಾಕ್ಸ್ ಥರದ ನುಸಿ ಔಷಧಿ ಕೊಲ್ಲುವುದು ಮೊಟ್ಟೆ, ಮರಿಯನ್ನು ಮಾತ್ರ. ದೊಡ್ಡ ನುಸಿ ಮೂರನೇ ದಿನ ಓಡಾಡುತ್ತಿದ್ದರೆ ಗಾಬರಿ ಬೇಡ.

ಚಳಿಗಾಲದಲ್ಲಿ ರೆಂಬೆಯ ಸಂದುಗಳಲ್ಲಿ ಕುಂಕುಮ ಉದುರಿಸಿದ ಹಾಗೆ ಮೊಟ್ಟೆ ಕಂಡರೆ, ಚಿಗುರು ಹಸಿರಾಗುವ ಹೊತ್ತಿಗೆ ತೋಟಗಾರಿಕೆ ಮಿನರಲ್ ಆಯಿಲ್ ಹೊಡೆಯಿರಿ, ಡ್ರಮ್ಮಿಗೆ 4 ಲೀಟರ್. ಆ ದಿನಗಳ ಆಸುಪಾಸಿನಲ್ಲಿ ಗಂಧಕ ಹೊಡೆದಿದ್ದರೆ ಮಾತ್ರ ಬೇಡ, ಚಿಗುರು ಸುಟ್ಟುಹೋಗುತ್ತದೆ.