ತುಮಕೂರು ಬಿ.ಎಚ್. ರೋಡಿನ ಕೋಡಿಂಗ್ ಕ್ಲಾಸ್ ಹೇಗಿದೆ
ಸಂಜೆ ಬ್ಯಾಚಿಗೆ ಹೋಗ್ತಿದೀನಿ, ತುಂಬಾ ಚೆನ್ನಾಗಿದೆ. ಇಲ್ಲಿ ಮೇಡಂ ಸಿಂಬಲ್‌ನ ಬಾಯಿಪಾಠ ಮಾಡ್ಸಲ್ಲ, ಯಾಕೆ ಹಂಗಿದೆ ಅಂತ ಹೇಳ್ತಾರೆ. ಎರಡು ಬೆಲೆ ಸಮ ಇಲ್ಲ ಅನ್ನೋಕೆ ಸಿ ಭಾಷೆಯಲ್ಲಿ !=, ಪ್ಯಾಸ್ಕಲ್, ಎಸ್‌ಕ್ಯೂಎಲ್‌ನಲ್ಲಿ <>, ಲುವಾದಲ್ಲಿ ~=, ಹ್ಯಾಸ್ಕೆಲ್‌ನಲ್ಲಿ /= ಬರುತ್ತೆ, ಇದು ಗಣಿತದ ≠ ಥರಾನೇ ಕಾಣುತ್ತೆ, ಕೀಬೋರ್ಡಲ್ಲಿ ಆ ಕೀ ಇಲ್ವಲ್ಲ. <> ಅಂದ್ರೆ ಚಿಕ್ಕದು ಇಲ್ಲಾ ದೊಡ್ಡದು ಅಂತ ಓದ್ಬೋದು, ಆದ್ರೆ ನ್ಯಾನ್ (NaN, ಅಂದ್ರೆ ಸಂಖ್ಯೆನೇ ಅಲ್ಲ) ಅನ್ನೋ ಬೆಲೆ ಯಾವುದಕ್ಕೂ ಚಿಕ್ಕದಲ್ಲ ದೊಡ್ಡದೂ ಅಲ್ಲ, ತನಗೆ ತಾನೇ ಸಮ ಅಲ್ಲ, ಅಲ್ಲಿ ಆ ಓದು ನಿಲ್ಲಲ್ಲ ಅಂತ ರನ್ ಮಾಡೇ ತೋರ್ಸಿದ್ರು, ಸಖತ್ ಇಷ್ಟ ಆಯ್ತು. ಪೈಥಾನ್ 2ರಲ್ಲಿ !=, <> ಎರಡೂ ನಡೀತಿತ್ತಂತೆ, 3ರಲ್ಲಿ <> ತೆಗೆದ್ರು, ಒಳ್ಳೇದೇ ಮಾಡಿದ್ರು, ಒಂದು ಕೆಲ್ಸಕ್ಕೆ ಒಂದೇ ಗುರುತು ಸಾಕು. ಸಿಸ್ಟಮ್ ಮಾತ್ರ ಇಬ್ರಿಗೊಂದು. ಬಿಸಿಎ ಮಾಡ್ತಿರೋರು ಖಂಡಿತ ಸೇರ್ಕೊಳ್ಳಿ.