ಎರಡು ಸಾವಿರದೊಳಗಿನ ಡ್ರಿಲ್ ಮಷೀನು: ಮೂರು ವರ್ಷ ಬಳಸಿದ ಮೇಲೆ

550 ವ್ಯಾಟ್, ಬಿಟ್ (ಕೊರೆಯುವ ಕಡ್ಡಿ) ಹಿಡಿಯುವ 13 ಎಂಎಂ ಚಕ್, ಸ್ಪೀಡ್ ಕಂಟ್ರೋಲ್, ರಿವರ್ಸ್ ಎಲ್ಲ ಇರುವ ಮಾಮೂಲಿ ಇಂಪ್ಯಾಕ್ಟ್ ಡ್ರಿಲ್, ಅಂದರೆ ತಿರುಗುತ್ತಲೇ ಪೆಟ್ಟೂ ಕೊಡುವ ಡ್ರಿಲ್. ಕರ್ಟನ್ ರಾಡು, ಶೆಲ್ಫು, ಗೀಸರು, ಫೋಟೊ ಇಷ್ಟಕ್ಕೇ ಬಳಕೆ. ಐದಕ್ಕೆ ಮೂರೂವರೆ ಕೊಡಬಹುದು. ಆದರೆ ಕೊಳ್ಳುವ ಮುಂಚೆ ನೋಡಬೇಕಾದದ್ದು ಮಷೀನನ್ನಲ್ಲ, ನಿಮ್ಮ ಮನೆ ಗೋಡೆಯನ್ನು.

ಬೆಂಗಳೂರಿನಲ್ಲಿ ನಾಲ್ಕು ಥರದ ಗೋಡೆ ಸಿಗುತ್ತೆ. ಯಾವುದೆಂದು ಪುಡಿಯೇ ಹೇಳುತ್ತೆ. ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಬಣ್ಣದ ತರಿತರಿ ಪುಡಿ ಸಾಲಿಡ್ ಬ್ಲಾಕ್. ಈ ಎರಡಕ್ಕೂ ಈ ಮಷೀನು ಧಾರಾಳ ಸಾಕು, 6 ಎಂಎಂ ತೂತು ಅರ್ಧ ನಿಮಿಷದೊಳಗೆ ಮುಗಿಯುತ್ತೆ. ಹಿಟ್ಟಿನಂಥ ನುಣ್ಣನೆ ಪುಡಿ ಬಂದು ಬಿಟ್ ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಗಾಳಿ ಗುಳ್ಳೆ ಇರುವ ಹಗುರ ಬ್ಲಾಕ್. ಇಂಪ್ಯಾಕ್ಟ್ ಆಫ್ ಮಾಡಿ, ಇಲ್ಲವಾದರೆ ತೂತು ಅಗಲವಾಗಿ ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ) ಗಿರಗಿರ ತಿರುಗುತ್ತೆ. ನಾಲ್ಕನೆಯದು ಮೈವಾನ್, ಅಂದರೆ ಗೋಡೆಯೂ ಪೂರ್ತಿ ಕಾಂಕ್ರೀಟೇ ಆಗಿರುವ ಹೊಸ ಅಪಾರ್ಟ್‌ಮೆಂಟು. ಅಂಥ ಮನೆಗೆ ಈ ಮಷೀನು ತರಲೇಬೇಡಿ.

ಕಾರಣ ಇಷ್ಟೆ: ಇಂಪ್ಯಾಕ್ಟ್ ಡ್ರಿಲ್ ಒಳಗೆ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಕಟಕಟ ಅನ್ನುತ್ತವೆ, ನೀವು ಒತ್ತಿದಷ್ಟೇ ಪೆಟ್ಟು. ಕಾಂಕ್ರೀಟಿಗೆ ಬಳಸುವ ರೋಟರಿ ಹ್ಯಾಮರ್ ಅನ್ನುವ ಮಷೀನಿನಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಿ ಬಿಟ್‌ನ ಹಿಂದಕ್ಕೆ ಹೊಡೆಯುತ್ತೆ, ಕೈಗೆ ಶ್ರಮ ಕಡಿಮೆ. ಮೈವಾನ್ ಮನೆಯವರು ಸ್ವಲ್ಪ ಹೆಚ್ಚು ದುಡ್ಡು ಹಾಕಿ ಎಸ್‌ಡಿಎಸ್ ಪ್ಲಸ್ ಚಕ್ಕಿನ (ಕೀ ಇಲ್ಲದೆ ಬಿಟ್ ತಳ್ಳಿದರೆ ಕಚ್ಚಿಕೊಳ್ಳುವ ಥರದ್ದು) ಎರಡು ಕೇಜಿ ವರ್ಗದ ಹ್ಯಾಮರ್ ತಗೊಳ್ಳಿ. ಎರಡೇ ತೂತು ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

ಕಿಟ್ ಜೊತೆ ಬರುವ ಬಿಟ್‌ಗಳು ಲೆಕ್ಕಕ್ಕಿಲ್ಲ. ನಾಲ್ಕೈದು ತೂತಿಗೇ ತುದಿ ಮೊಂಡಾಗುತ್ತೆ, ಆಮೇಲೆ ಜನ ಮಷೀನನ್ನು ಬೈಯುತ್ತಾರೆ. 6 ಮತ್ತು 8 ಎಂಎಂ ಒಳ್ಳೆಯ ಕಾರ್ಬೈಡ್ ತುದಿಯ ಬಿಟ್ ಬೇರೆಯಾಗಿ ತಗೊಳ್ಳಿ. ಬಿಟ್ ಹಾಕಿದ ಮೇಲೆ ಚಕ್ ಕೀಯನ್ನು ಮೂರೂ ತೂತಿನಲ್ಲಿ ಇಟ್ಟು ಬಿಗಿ ಮಾಡಿ. ಒಂದರಲ್ಲೇ ಬಿಗಿ ಮಾಡಿದರೆ ಬಿಟ್ ಓಲಾಡಿ 6 ಎಂಎಂ ತೂತು 7 ಆಗುತ್ತೆ.

ಪ್ಲಗ್ ಕಿತ್ತು ಬರುವುದಕ್ಕೆ ಇನ್ನೊಂದು ಕಾರಣ ಪ್ಲಾಸ್ಟರು. ನಮ್ಮ ಮನೆಗಳಲ್ಲಿ ಅದೇ 12ರಿಂದ 20 ಎಂಎಂ ದಪ್ಪ. 30 ಎಂಎಂ ಪ್ಲಗ್ ಹೊಡೆದರೆ ಅರ್ಧ ಪ್ಲಾಸ್ಟರಿನಲ್ಲೇ ಉಳಿಯುತ್ತೆ. ಭಾರದ ಸಾಮಾನಿಗೆ 50 ಎಂಎಂ ಪ್ಲಗ್ ಹಾಕಿ, ತೂತನ್ನು ಅದಕ್ಕಿಂತ 10 ಎಂಎಂ ಆಳ ಕೊರೆಯಿರಿ; ಆಳ ಗೊತ್ತಾಗಲು ಬಿಟ್‌ಗೆ ಇನ್ಸುಲೇಶನ್ ಟೇಪ್ ಸುತ್ತಿದರೆ ಸಾಕು. ನಡುನಡುವೆ ಬಿಟ್ ಹೊರಗೆಳೆದು ಪುಡಿ ತೆಗೆಯಿರಿ. ಟೈಲ್ಸ್ ಇದ್ದರೆ ಅದು ದಾಟುವ ತನಕ ಇಂಪ್ಯಾಕ್ಟ್ ಮುಟ್ಟಬೇಡಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬೇಡಿ, ವೈರಿನ ಪೈಪು ಅಲ್ಲೇ ಹೋಗಿರುತ್ತೆ. ಬಿಟ್ ತಟಕ್ಕನೆ ನಿಂತು ಮುಂದೆ ಹೋಗದಿದ್ದರೆ ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿ ಸಿಕ್ಕಿದೆ ಅಂತ ಲೆಕ್ಕ. ಗುದ್ದಾಡದೆ ಎರಡು ಮೂರು ಸೆಂಟಿಮೀಟರ್ ಪಕ್ಕಕ್ಕೆ ಸರಿಯಿರಿ.

ಸೀಲಿಂಗ್ ಕೊರೆಯುವಾಗ ಪುಡಿಯೆಲ್ಲ ಮೋಟಾರಿನ ಗಾಳಿ ಕಿಂಡಿಗೇ ಬೀಳುತ್ತೆ. ಪೇಪರ್ ಕಪ್ಪಿನ ತಳಕ್ಕೆ ತೂತು ಮಾಡಿ, ಬಾಯಿ ಮೇಲಾಗಿ ಬಿಟ್‌ಗೆ ಸಿಕ್ಕಿಸಿಕೊಳ್ಳಿ. ಮಷೀನು ಬಿಸಿಯಾದರೆ ಥಟ್ಟನೆ ಆಫ್ ಮಾಡಬೇಡಿ. ಖಾಲಿಯಾಗಿ ಫುಲ್ ಸ್ಪೀಡಿನಲ್ಲಿ ಒಂದು ನಿಮಿಷ ತಿರುಗಿಸಿ, ಫ್ಯಾನೇ ತಣ್ಣಗೆ ಮಾಡುತ್ತೆ. ತಿರುಗುತ್ತಿರುವಾಗ ರಿವರ್ಸ್ ಗುಂಡಿ ಒತ್ತುವುದಂತೂ ಬೇಡವೇ ಬೇಡ, ಸ್ವಿಚ್ ಸುಟ್ಟುಹೋಗುತ್ತೆ.

ಮೂರು ವರ್ಷದಲ್ಲಿ ಎರಡು ರಿಪೇರಿ ಬಂತು. ಚಕ್ ಸಡಿಲವಾಗಿದ್ದು ಒಂದು. ಚಕ್ ಬಾಯಿ ಪೂರ್ತಿ ತೆರೆದರೆ ಒಳಗೊಂದು ಸ್ಕ್ರೂ ಕಾಣುತ್ತೆ, ಅದರ ಮರೆ (ಥ್ರೆಡ್) ಉಲ್ಟಾ. ಬಿಚ್ಚಲು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು. ಗೊತ್ತಿಲ್ಲದೆ ಎಡಕ್ಕೆ ಬಲ ಹಾಕಿದರೆ ತಲೆ ಸವೆದುಹೋಗುತ್ತೆ. ಇನ್ನೊಂದು ಕಾರ್ಬನ್, ಅಂದರೆ ತಿರುಗುವ ಮೋಟಾರಿಗೆ ಕರೆಂಟು ಮುಟ್ಟಿಸುವ ಪುಟ್ಟ ತುಂಡು. ಕಿಂಡಿಯಲ್ಲಿ ಕಿಡಿ ಜಾಸ್ತಿಯಾಗಿ, ಮಷೀನು ಬಿಟ್ಟು ಬಿಟ್ಟು ಓಡಿದರೆ ಅದು ಸವೆದಿದೆ ಅಂತಲೇ. ಈ ದರದ ಮಷೀನುಗಳಲ್ಲಿ ಹೊರಗಿನಿಂದ ತೆಗೆಯುವ ಮುಚ್ಚಳ ಇರುವುದು ಕಡಿಮೆ, ಕರೆಂಟಿನ ಪ್ಲಗ್ ಕಿತ್ತು ಬಾಡಿಯನ್ನೇ ಬಿಚ್ಚಬೇಕು. ಜೋಡಿಯಾಗಿಯೇ ಬದಲಿಸಿ. ಬಿಡಿಭಾಗ ತರಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವಾಗ ಹಳೇ ಕಾರ್ಬನ್ ಜೇಬಿನಲ್ಲಿರಲಿ, ಅಂಗಡಿಯವರು ಅದನ್ನು ಅಳತೆ ಹಿಡಿದೇ ಕೊಡುವುದು, ಮಾಡೆಲ್ ನಂಬರ್ ಹೇಳಿದರೆ ಆಗೊಲ್ಲ.